ನೂರರಲ್ಲಿ ಹದಿನೈದು ಮಂದಿ

ಆಪರೇಷನ್ ಆಗಿ ಮೂರನೆಯ ಬೆಳಿಗ್ಗೆ ಪ್ರಭಾಳಿಗೆ ಎದ್ದು ಕೂರಲೂ ತ್ರಾಣವಿರಲಿಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಕಡಲೆಕಾಳಿನಷ್ಟು ಗಡ್ಡೆಯನ್ನು ಮೂಗಿನ ಮೂಲಕ ತೆಗೆದಿದ್ದರು. ಎರಡು ವರ್ಷಗಳಿಂದ ಅವಳ ಮುಖ ಊದಿ, ಕೈಕಾಲು ಸೊರಗಿದ್ದಕ್ಕೆ ಅದೇ ಕಾರಣ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವವನ ಹೆಂಡತಿ, ತಿಂದೇ ಹೀಗಾಗಿದ್ದಾಳೆಂದು ನೆಂಟರು ನಕ್ಕಿದ್ದರು.

ಗಂಡ ಕಮಲಾಕ್ಷ ರಕ್ತದ ರಿಪೋರ್ಟ್ ಹಿಡಿದು ಡಾಕ್ಟರ್ ರಮಾಕಾಂತರ ಬಳಿಗೆ ಓಡಿದ. "ಡಾಕ್ಟ್ರೆ, ಕಾರ್ಟಿಸೋಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಉಂಟು!"

"ನಮಗೆ ಬೇಕಾದದ್ದೇ ಅದು. ಆ ಹಾರ್ಮೋನ್ ಏರಿದ್ದೇ ಗಡ್ಡೆಯಿಂದ. ಇಷ್ಟು ಇಳಿದಿದೆ ಅಂದ್ರೆ ಗಡ್ಡೆ ಪೂರ್ತಿ ಹೋಗಿರ್ಬೇಕು. ಸುಸ್ತಿಗೆ ಮಾತ್ರೆ ಕೊಡ್ತೇವೆ."

"ಮತ್ತೆ ಬರುದಿಲ್ಲ ಅಲ್ವಾ?"

"ಇಂಥವರಲ್ಲೂ ನೂರರಲ್ಲಿ ಹತ್ತು ಹದಿನೈದು ಮಂದಿಗೆ ಬರ್ತದೆ. ಯಾರಿಗೆ ಅಂತ ಖಂಡಿತವಾಗಿ ಹೇಳ್ಲಿಕ್ಕಾಗುದಿಲ್ಲ. ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ."

ಆರು ತಿಂಗಳು ಕಮಲಾಕ್ಷ ಬೆಳಗಿನ ತಿಂಡಿಯ ಗಡಿಬಿಡಿ ಮುಗಿಸಿ ಮನೆಗೆ ಬಂದು, ಅವಳಿಗೆ ಗಂಜಿ ಕೊಟ್ಟು ತಲೆ ಬಾಚುತ್ತಿದ್ದ. ಜಡೆ ಸೊಟ್ಟಗಾಗುತ್ತಿತ್ತು. ಅವಳ ಹಳೆಯ ಮುಖ ನಿಧಾನವಾಗಿ ಮರಳಿತು. ಆದರೂ ಅವನು ದಿನಾ ಅವಳ ಕೆನ್ನೆಯನ್ನೇ ದಿಟ್ಟಿಸುವನು.

"ನನ್ನನ್ನು ಹೆಂಡತಿ ಹಾಗೆ ನೋಡಿ ಮಾರಾಯ್ರೆ, ಎಕ್ಸ್‌ರೇ ಹಾಗಲ್ಲ," ಎಂದು ಅವಳು ಗದರುವಳು.

ಐದನೆಯ ವರ್ಷ, ೨೦೧೫ರಲ್ಲಿ, ಮೊದಲು ಗೊತ್ತಾದದ್ದು ಅವಳಿಗೇ. ತೋಳಿನಲ್ಲಿ ಕಾರಣವಿಲ್ಲದೆ ನೀಲಿ ಕಲೆಗಳು. ಸ್ಟೇಷನ್ನಿನ ಬ್ರಿಜ್ ಹತ್ತುವಾಗ ತೊಡೆ ಸೋಲುತ್ತಿತ್ತು. ಎರಡು ವಾರದಲ್ಲಿ ಮಗಳು ಸಂಜನಾಳ ನಿಶ್ಚಿತಾರ್ಥ. ಅವಳು ಉದ್ದ ತೋಳಿನ ರವಿಕೆ ಹೊಲಿಸಿಕೊಂಡು ಸುಮ್ಮನಾದಳು.

ಖಾರಘರದ ಬೀಗರ ಮನೆಯಲ್ಲಿ ಶಾಸ್ತ್ರ ಮುಗಿದಾಗ ನೆಲದಿಂದ ಏಳಲು ಹೋದಳು. ಕಾಲು ಏಳಲಿಲ್ಲ. ಕಮಲಾಕ್ಷ ಏನೋ ಕೇಳುವವನಂತೆ ಬಗ್ಗಿ, ಮೊಣಕೈ ಹಿಡಿದು ಎಬ್ಬಿಸಿದ.

"ನನಗೂ ಗೊತ್ತುಂಟು," ಎಂದ ಮೆಲ್ಲಗೆ.

"ಯಾವಾಗಿಂದ?"

"ಒಂದು ವಾರ ಆಯ್ತು. ಇವತ್ತು ಮುಗೀಲಿ ಅಂತ ನೀನು ಕಾಯ್ತಿದ್ದಿ, ಅದಕ್ಕೆ ನಾನೂ ಕಾದೆ. ನಾಡಿದ್ದು ಡಾಕ್ಟ್ರ ಅಪಾಯಿಂಟ್‌ಮೆಂಟ್ ತೆಗೊಂಡಿದ್ದೇನೆ."

ಕಾಯಿಲೆ ಮರಳಿತ್ತು. ಗಡ್ಡೆ ಇನ್ನೂ ಚಿಕ್ಕದು, ಮತ್ತೆ ತೆಗೆಯಬಹುದು ಎಂದರು ಡಾಕ್ಟರು. ಥಾಣೆಯ ಆಸ್ಪತ್ರೆಯಿಂದ ಮನೆಗೆ ಬರುವ ಲೋಕಲ್ ರೈಲಿನಲ್ಲಿ ಪ್ರಭಾ ಅತ್ತಳು.

"ಆ ಹದಿನೈದು ಮಂದಿಯಲ್ಲಿ ನಾನೇ ಆಗ್ಬೇಕಿತ್ತಾ?"

"ಅವರಿಗೆಲ್ಲ ಮನೆಯವರು ಅಂತ ಒಬ್ಬೊಬ್ಬರು ಇರ್ತಾರಲ್ಲ. ನಿನಗೆ ನಾನು ಸಿಕ್ಕಿದೆ, ಇನ್ನೇನು ಮಾಡುವುದು ಮಾರಾಯ್ತಿ?"

ಅಳುತ್ತಲೇ ಅವಳಿಗೆ ನಗು ಬಂತು. ಮನೆಯಲ್ಲಿ ಸಂಜನಾ ಮಾತ್ರ, "ಮುಝೆ ಕ್ಯೋಂ ನಹೀ ಬತಾಯಾ?" ಎಂದು, ತನಗೇಕೆ ಹೇಳಲಿಲ್ಲವೆಂದು ಇಬ್ಬರನ್ನೂ ಹಿಂದಿಯಲ್ಲೇ ಬೈದಳು, ಆಮೇಲೆ ಅಮ್ಮನನ್ನು ತಬ್ಬಿಕೊಂಡು ಮಲಗಿದಳು.

ಎರಡನೆಯ ಆಪರೇಷನ್ನೂ ಸರಿಯಾಗಿಯೇ ಆಯಿತು. ಈ ಸಲವೂ ಡಾಕ್ಟರು ಖಾತ್ರಿ ಕೊಡಲಿಲ್ಲ, ಇವರೂ ಕೇಳಲಿಲ್ಲ. ಡಿಸೆಂಬರಿನ ಮದುವೆಯಲ್ಲಿ, ಧಾರೆಗೆ ಹುಡುಗಿಯ ಅಪ್ಪ ಅಮ್ಮ ನಿಲ್ಲಬೇಕು ಎಂದರು ಪುರೋಹಿತರು. ಪ್ರಭಾಳಿಗೆ ಅಷ್ಟು ಹೊತ್ತು ನಿಲ್ಲಲು ಇನ್ನೂ ಆಗುತ್ತಿರಲಿಲ್ಲ. ಕಮಲಾಕ್ಷ ಎರಡು ಕುರ್ಚಿ ಎಳೆದು ತಂದು, ಅವಳನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತ.