ಕಂಡೆ ಅಂದವಳು

ಕಾರು ಗೆಲ್ಲಿಸುವುದು ಅವರ ಕಸುಬು. ಆದರೆ ಅಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಕಾರು ಗೆದ್ದಿರಲಿಲ್ಲ. ಕಂಪನಿಗಳು ನೌಕರರನ್ನು ಗಾಲ್ಫ್ ಆಡಿಸಲು ಕರೆತರುವ ದಿನ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆಯೇ ಮೈದಾನಕ್ಕೆ ಬಂದು ಪಂದ್ಯ ಹೂಡುತ್ತಿದ್ದರು. ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ ಹೊಸ ಕಾರು! ಹೊಡೆಯುವ ಜಾಗದಲ್ಲಿ ಕಾರಿಗೆ ರಿಬ್ಬನ್ ಕಟ್ಟಿ ನಿಲ್ಲಿಸುವುದು, ಅಲ್ಲಿಂದ ಕುಳಿಗೆ ದೂರ ಅಳೆಯುವುದು ಗಂಡನ ಪಾಲು. ಗೇಣು ಕಮ್ಮಿಯಾದರೂ, ಯಾರಾದರೂ ಗೆದ್ದರೆ ಕಾರಿನ ದುಡ್ಡು ಕೊಡಬೇಕಾದ ವಿಮೆಯವರು ಕೈ ಎತ್ತಿಬಿಡುತ್ತಾರೆಂದು ಹೆದರಿ ಅಳೆದದ್ದನ್ನೇ ಅಳೆಯುತ್ತಿದ್ದವನಿಗೆ ಜನ ಟೇಪಣ್ಣ ಎಂದು ಹೆಸರಿಟ್ಟಿದ್ದರು.

ಹೆಂಡತಿಯ ಕೆಲಸ ಕುಳಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಚೆಂಡು ಬೀಳುವುದನ್ನು ಸಾಕ್ಷಿ ಕಣ್ಣಾರೆ ಕಂಡಿರಬೇಕು, ಇಲ್ಲದಿದ್ದರೆ ಕಾರಿಲ್ಲ. ಅದು ವಿಮೆಯವರ ಷರತ್ತು. ಕೂರುವುದೂ ಒಂದು ಕೆಲಸವೇ ಎನ್ನುವವರು ಒಂದು ದಿನ ಆ ಬಿಸಿಲಲ್ಲಿ ಕೂತು ನೋಡಲಿ, ಗೊತ್ತಾಗುತ್ತದೆ! ಅವಳು ಕೂತಿದ್ದಳು. ಅಂಚಿಗೆ ಬಂದು ನಿಂತ ಚೆಂಡುಗಳನ್ನು ಕಂಡಿದ್ದಳು, ಕುಳಿಯಲ್ಲಿ ನೆಟ್ಟ ಬಾವುಟದ ಕೋಲಿಗೆ ಬಡಿದು ಮುನಿಸಿಕೊಂಡವರಂತೆ ಆಚೆ ಹೋದವನ್ನೂ ಕಂಡಿದ್ದಳು. ಬಿದ್ದದ್ದನ್ನು ಮಾತ್ರ ಕಂಡಿರಲಿಲ್ಲ. ಕೆಲವರಿಗೆ ಒಡವೆಯ ಆಸೆ, ಕೆಲವರಿಗೆ ಮನೆಯ ಆಸೆ, ಅವಳಿಗೆ ಇದು. ನಗಬೇಡಿ, ಆಸೆ ಯಾರನ್ನೂ ಕೇಳಿಕೊಂಡು ಹುಟ್ಟುವುದಿಲ್ಲ.

"ಮಂಡಿ ಸವೆದು ಹೋಗಿದೆ ಅಂತ ಡಾಕ್ಟರ್ ಬಡ್ಕೊಂಡ್ರೂ ನಿನಗೆ ಬುದ್ಧಿ ಬರಲ್ವಲ್ಲೇ," ಎಂದು ಗಂಡ ರೇಗುತ್ತಿದ್ದ. "ಬೇರೆ ಯಾರನ್ನಾದ್ರೂ ಕೂರಿಸೋಣ."

"ಒಂದೇ ಒಂದು ಬೀಳೋದನ್ನ ನೋಡ್ಬಿಡ್ತೀನಿ ರೀ. ಆಮೇಲೆ ನೀವು ಕಾಲಿಗೆ ಬಿದ್ರೂ ಬರಲ್ಲ."

ಅವನು ಒಪ್ಪಿಕೊಂಡಿದ್ದ. ಚೆಂಡು ಬೀಳುವುದುಂಟೇ, ಇವಳು ಕುರ್ಚಿ ಬಿಡುವುದುಂಟೇ ಎಂದು ಒಳಗೊಳಗೇ ಹೆದರಿಯೂ ಇದ್ದ, ಪಾಪ.

ಆ ದಿನದ ಮೈದಾನದಲ್ಲಿ ನಡುವೆ ಒಂದು ದಿಬ್ಬ. ಹೊಡೆಯುವವರಿಗೆ ಬಾವುಟದ ತುದಿ ಬಿಟ್ಟರೆ ಬೇರೇನೂ ಕಾಣದು, ಅವಳಿಗೆ ಅವರು ಕಾಣರು. ಆದರೆ ಸದ್ದಿನಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಟಕ್ ಎಂದರೆ ಚೆಂಡು ಬರುತ್ತದೆ, ಕಣ್ಣರಳಿಸಿ ಕೂರಬೇಕು. ದೊಪ್ ಎಂದರೆ ಹೊಡೆಯುವ ಕೋಲು ನೆಲಕ್ಕೆ ಬಡಿದಿದೆ, ಚೆಂಡು ದಿಬ್ಬ ಹತ್ತುವುದೂ ಅನುಮಾನ.

ಮಧ್ಯಾಹ್ನದ ಹೊತ್ತಿಗೆ ದಿಬ್ಬದಾಚೆ ನಗು ಎದ್ದಿತು. ಯಾರೋ ಹೊಸಬ. ದೊಪ್ ಎಂದಿತು. ಅವಳು ಫ್ಲಾಸ್ಕಿನತ್ತ ತಿರುಗಿ ಚಹಾ ಬಗ್ಗಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ನಾಲ್ಕು ಮಂದಿ ಬಂದು ಚೆಂಡು ಹುಡುಕುತ್ತ ಹುಲ್ಲೆಲ್ಲ ಕೆದಕಿದರು. ಹೊಡೆದವನು ಆ ಕಂಪನಿಯ ಸ್ಟೋರ್‌ಕೀಪರ್, ಕೋಲು ಹಿಡಿದದ್ದೇ ಅಂದು ಬೆಳಗ್ಗೆ. ಉಳಿದವರು ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. ಸುಮ್ಮನೆ ಎಂಬಂತೆ ಅವಳು ಎದ್ದು ಕುಳಿಯೊಳಗೆ ಬಗ್ಗಿ ನೋಡಿದಳು. ಚೆಂಡು ಒಳಗಿತ್ತು. ಅವನೇ ಹಸಿರು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದ ಚೆಂಡು. ನೆಲಕ್ಕೆ ಬಡಿದೋ, ಕಲ್ಲಿಗೆ ತಗುಲಿಯೋ, ಹೇಗೋ ಉರುಳಿ ಬಂದು ಬಿದ್ದಿತ್ತು. ಅವಳ ಹಿಂದೆಯೇ ಬಗ್ಗಿ ನೋಡಿದವರು ಹೋ ಎಂದು ಕೂಗಿಕೊಂಡರು. ಹಾಳಾದ ಚಹಾ!

"ಅಕ್ಕಾ, ತಲೆ ಎತ್ತಬೇಡ ಅಂದಿದ್ರು, ನಾನು ನೆಲಾನೇ ನೋಡ್ತಿದ್ದೆ," ಎಂದ ಸ್ಟೋರ್‌ಕೀಪರ್. "ನೀವು ನೋಡಿದ್ರಿ ಅಲ್ವಾ?"

ಕೂಗಾಟ ಕೇಳಿ ಗಂಡ ಏದುಸಿರು ಬಿಡುತ್ತ ದಿಬ್ಬ ಇಳಿದು ಬಂದ. "ಬಿತ್ತೇನೇ? ನೋಡಿದ್ಯಾ?"

ಇಲ್ಲ ಎಂದರೆ ಈ ಮನುಷ್ಯನ ಕಾರು ಹೋಗುತ್ತದೆ, ಅವಳ ಕುರ್ಚಿ ಉಳಿಯುತ್ತದೆ. ಹೂಂ ಎಂದರೆ ಕಾರು ಅವನದು, ಕುರ್ಚಿಯ ಋಣ ಇವತ್ತಿಗೆ ತೀರಿತು, ಇನ್ನು ಈ ಜನ್ಮದಲ್ಲಿ ಅವಳು ಚೆಂಡು ಬೀಳುವುದನ್ನು ನೋಡುವುದಿಲ್ಲ. ನಿಜ ಹೇಳಲು ಅವಳಿಗೆ ನಾಚಿಕೆಯಾದದ್ದು ಅದೇ ಮೊದಲು. ನಿಜದಲ್ಲಿ ಅವಳ ಲಾಭವೇ ತುಂಬಿತ್ತಲ್ಲ! ಅವನ ಚೆಂಡು ಬಿದ್ದಿದೆ, ಅದರಲ್ಲಿ ಸುಳ್ಳೇನಿದೆ?

"ನೋಡಿದೆ," ಎಂದಳು.

"ಹೇಗೆ ಬಿತ್ತು? ಹೇಳಿ ಅಕ್ಕಾ, ಹೇಳಿ!"

"ಅವಸರವೇ ಇಲ್ಲಪ್ಪ ಅದಕ್ಕೆ. ಉರುಳಿಕೊಂಡು ಬಂತು. ಇನ್ನೇನು ಪಕ್ಕಕ್ಕೆ ಹೋಯ್ತು ಅನ್ನೋ ಅಷ್ಟರಲ್ಲಿ ತಿರುಗಿತು. ಅಂಚಲ್ಲಿ ಒಂದು ಗಳಿಗೆ ನಿಂತಿತು, ಒಳಗೆ ಹೋಗ್ಲಾ ಬೇಡ್ವಾ ಅನ್ನೋ ಹಾಗೆ. ನಾನು ಉಸಿರು ಬಿಡಲಿಲ್ಲ. ಆಮೇಲೆ ಇಳೀತು."

ಎಷ್ಟು ವರ್ಷದಿಂದ ಮನಸ್ಸಿನಲ್ಲೇ ಬೀಳಿಸಿಕೊಂಡಿದ್ದಳೋ, ಒಂದು ಮಾತಿಗೂ ತಡವರಿಸಲಿಲ್ಲ. ಸ್ಟೋರ್‌ಕೀಪರ್ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟ.

ಸಂಜೆ ಮನೆಗೆ ಹೋಗುವಾಗ ಗಂಡ ಗಾಡಿ ಓಡಿಸುತ್ತಿದ್ದ. "ನನಗೂ ಆಸೆ ಇತ್ತು ಕಣೆ," ಎಂದ. "ಹೇಳ್ಕೊಳ್ಳಲಿಲ್ಲ ಅಷ್ಟೆ. ಆ ಕಡೆ ತುದೀಲಿ ನಿಂತು ನನಗೇನು ಕಾಣ್ಬೇಕು, ಮಣ್ಣು. ಹೋಗ್ಲಿ ಬಿಡು, ನೀನು ನೋಡಿದ್ದು ನಾನೇ ನೋಡಿದ ಹಾಗಾಯ್ತು. ಅಂಚಿಗೆ ಬಂದು ನಿಜವಾಗ್ಲೂ ನಿಂತಿತಾ?"

ಅವಳಿಗೆ ತಡೆಯಲಾರದಷ್ಟು ಅಳು ಬಂತು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಅವನು ಗಾಡಿ ನಿಧಾನ ಮಾಡಿದ.

"ಇನ್ನೊಂದು ಸಲ ಹೇಳೇ," ಎಂದ.

ಅವಳು ಕಣ್ಣೊರೆಸಿಕೊಂಡು ಮೊದಲಿಂದ ಹೇಳತೊಡಗಿದಳು.