ಕಪ್ಪೆಗಳಿಲ್ಲದ ವಸಂತ

ಸ್ಟೇಪ್ಲರ್ ಪಿನ್ನನ್ನು ಉಗುರಿನಿಂದ ಎಬ್ಬಿಸಲು ಹೋಗಿ ಅಕ್ಕನ ಬೆರಳಲ್ಲಿ ರಕ್ತ ಬಂತು. ತಂಗಿ ಬರೆದ ಸಂಗೀತದ ನಡುವಿನ ಪುಟಗಳನ್ನು ಯಾರೋ ತೆರೆಯದಂತೆ ಒಟ್ಟಿಗೆ ಸೇರಿಸಿ ಪಿನ್ ಹೊಡೆದುಬಿಟ್ಟಿದ್ದರು. ಸಭಾಂಗಣದ ನಡುವೆ, ಬಿಳಿ ಹೂಗಳ ಕೆಳಗೆ, ತಂಗಿಯ ಶವಪೆಟ್ಟಿಗೆ. ಅದರ ಹಿಂದೆ, ಅವಳು ಆಯುಸ್ಸೆಲ್ಲ ವಯೋಲಾ ನುಡಿಸಿದ ವಾದ್ಯವೃಂದ ಶ್ರುತಿ ಮಾಡಿಕೊಳ್ಳುತ್ತಿತ್ತು.

"ಇದೇನ್ರೀ ಇದು? ಕಪ್ಪೆಗಳೆಲ್ಲಿ?"

ತನ್ನಷ್ಟೇ ಎತ್ತರದ ದೊಡ್ಡ ಪಿಟೀಲನ್ನು ಹಿಡಿದು ನಿಂತಿದ್ದವನು ತಲೆ ತಗ್ಗಿಸಿದ. "ನಿರ್ದೇಶಕರು ತೆಗೆಸಿದ್ರು ಅಕ್ಕಾ. ಸಾವಿನ ಹೊತ್ತಲ್ಲಿ ವಟವಟ ಅಂದ್ರೆ ಜನ ನಗ್ತಾರಂತೆ."

"ನಗಲಿ ಅಂತಾನೇ ಅವಳು ಬರೆದಿದ್ದು!"

*

ವಾದ್ಯವೃಂದದ ನಿರ್ದೇಶಕನಿಗೆ ಪ್ರತಿ ವಸಂತಕ್ಕೂ ಅದೇ ಹಳೆಯ ಕೃತಿ ಬೇಕು: ಹಕ್ಕಿ, ತೊರೆ, ತಂಗಾಳಿ. ನುಡಿಸಿ ನುಡಿಸಿ ಬೇಸತ್ತ ತಂಗಿ ಒಂದು ಮುಂಜಾನೆ ಅಕ್ಕನನ್ನು ಕೊಳದ ಬಳಿಗೆ ಎಳೆದೊಯ್ದಿದ್ದಳು. ಚಳಿಗಾಲವೆಲ್ಲ ಕೆಸರಲ್ಲಿ ಹೂತಿದ್ದ ಕಪ್ಪೆಗಳು ಎದ್ದು, ಕಿವಿ ಕಿತ್ತುಹೋಗುವಂತೆ ಅರಚುತ್ತಿದ್ದವು.

"ಕೇಳೇ ಅಕ್ಕಾ, ಎಚ್ಚರ ಆಗೋದಂದ್ರೆ ಇದು. ಮೈ ಮುರೀತಾ, ಹಸಿದು, ನಾಚಿಕೆ ಬಿಟ್ಟು!"

ಅದನ್ನೇ ಸಂಗೀತವಾಗಿ ಬರೆದಳು. ನಿರ್ದೇಶಕ ಓದಿ, "ಕಪ್ಪೆ ತೆಗೀರಿ, ನಾಳೆನೇ ನುಡಿಸೋಣ" ಎಂದ.

"ಕಪ್ಪೆ ತೆಗೆದ್ರೆ ಉಳಿಯೋದು ನಿಮ್ಮ ಹಲ್ಲುದುರಿದ ವಸಂತಾನೇ ಸಾರ್."

ವರ್ಷ ವರ್ಷವೂ ಅವನು ಕೇಳಿದ. ವರ್ಷ ವರ್ಷವೂ ಅವಳು ಒಪ್ಪಲಿಲ್ಲ. ಕೃತಿ ಯಾರ ಕಿವಿಗೂ ಬೀಳಲಿಲ್ಲ.

*

ಸಭಾಂಗಣದಲ್ಲಿ ನಿರ್ದೇಶಕ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ. "ಹಠ ಬೇಡಿ ಅಮ್ಮಾ. ಇವತ್ತು ಬಿಟ್ರೆ ಇದನ್ನ ಇನ್ಯಾರೂ ಯಾವತ್ತೂ ನುಡಿಸಲ್ಲ. ಅವರ ಹೆಸರು ಉಳಿಯೋದು ಬೇಡ್ವಾ?"

ಆ ಮಾತು ನಿಜವಾಗಿತ್ತು. ಅದಕ್ಕೇ ಅಕ್ಕ ಇನ್ನಷ್ಟು ಸಿಡಿದಳು.

"ಬದುಕಿದ್ದಾಗ ಅವಳೇ ಬೇಡ ಅಂದಿದ್ದಳು. ಈಗ ಎದುರು ಮಾತಾಡಲ್ಲ ಅಂತ ಧೈರ್ಯ ಬಂತಾ?"

"ಹಾಗಲ್ಲಮ್ಮ..."

"ಹಾಗಾದ್ರೆ ಜನಕ್ಕೆ ಹೇಳಿ, ಕತ್ತರಿ ಹಾಕಿದ್ದು ನಾನು ಅಂತ. ನಿಮ್ಮ ಬಾಯಿಂದ್ಲೇ ಹೇಳಿ."

"ಅದೆಲ್ಲ ಆಮೇಲೆ ನೋಡೋಣ." ಅವನು ವಾದ್ಯವೃಂದ ನಡೆಸುವ ಕೋಲೆತ್ತಿಕೊಂಡು, ಎದುರು ಬಂದ ಗಣ್ಯರೊಬ್ಬರ ಕೈ ಕುಲುಕಲು ನಿಂತ.

ಅಷ್ಟರಲ್ಲಿ ಅಕ್ಕ ನೋಯುವ ಮಂಡಿಗಳನ್ನು ಎಳೆದುಕೊಂಡು ಹೋಗಿ, ಅವನು ನಿಲ್ಲುವ ಪುಟ್ಟ ಮರದ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಏಳಿ ಅಮ್ಮಾ. ಜನ ನೋಡ್ತಿದಾರೆ."

"ನೋಡ್ಲಿ. ಪೂರ್ತಿ ನುಡಿಸೋದಾದ್ರೆ ಏಳ್ತೀನಿ."

ಆಳೆತ್ತರದ ಪಿಟೀಲಿನವನು ಮೊದಲು ಕಮಾನು ಇಳಿಸಿದ. ಪಕ್ಕದವಳು ಕೊಳಲನ್ನು ತೊಡೆಯ ಮೇಲೆ ಮಲಗಿಸಿದಳು. ಕಹಳೆಗಳ ಬಾಯಿ ನೆಲದ ಕಡೆಗೆ ತಿರುಗಿತು. ಕೋಲು ಹಿಡಿದವನು ಕೆಳಗೆ, ಪೆಟ್ಟಿಗೆಗೂ ಆ ಮುದುಕಿಗೂ ನಡುವೆ, ಕಾಲಿಡಲು ಜಾಗ ಹುಡುಕುತ್ತ ನಿಂತಿದ್ದ.