ಲಾಡಸಾಬ ಕಂಡ ಕಡಲದಂಡಿ

ಲಾಡಸಾಬ ಹಡಗಿನ ಖಲಾಸಿಯಾಗಿದ್ದಾಗ ಕಾಲು ಮುರಿದುಕೊಂಡು, ಆಸ್ಟ್ರೇಲಿಯಾದ ಕಡಲದಂಡೆಯ ಒಂದು ಸಣ್ಣ ಬಡಾವಣೆಯ ದವಾಖಾನೆಯಲ್ಲಿ ಮಳೆಗಾಲದಿಂದ ಸುಗ್ಗಿಯ ತನಕ ಬಿದ್ದುಕೊಂಡಿದ್ದ. ಲಕ್ಷ್ಮೇಶ್ವರಕ್ಕೆ ಮರಳಿ ಹತ್ತು ವರ್ಷದ ಮೇಲಾದರೂ ಬಾಯಲ್ಲಿ ಅದೇ ಊರು. ಕೇಳಲು ಬಂದವರಿಗೆಲ್ಲ ಹೆಂಡತಿ ಅಮೀನಬಿ ಚಹಾ ಮಾಡಬೇಕು. ಮಂದಿಯ ಕೌದಿ ಹೊಲಿದು ಅವಳ ಬೆರಳು ಸೆಟೆದಿರುತ್ತಿದ್ದವು. ಸೂಜಿ ಬಿಟ್ಟು ಒಲೆ ಊದಬೇಕು. ಆ ಸುದ್ದಿಯೆಲ್ಲ ಅವಳಿಗೆ ಬಾಯಿಪಾಠ. ಬೇಸರ ಮಾಡಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಲಾಡಸಾಬನ ಗಂಟಲು ಬಾತು, ಕೆಲವು ದಿನ ಮಾತೇ ಆಡಬೇಡ ಅಂದರು ಡಾಕ್ಟರು. ಆಗಲೇ ಸಾಲಿ ಮಾಸ್ತರ ಅಂದಾನಪ್ಪ ತನ್ನ ಗದಗಿನ ಬೀಗರನ್ನು ಕರೆತಂದ.

"ಆ ಊರಿನ ಸುದ್ದಿ ಕೇಳಾಕಂತನ ಬಂದಾರ. ನೀವರೆ ಹೇಳ್ರಿ, ಅಮೀನಬೀ."

ಲಾಡಸಾಬ ಹಾಸಿಗೆಯಿಂದಲೇ ಹೇಳೆಂದು ಕೈಸನ್ನೆ ಮಾಡಿದ. ಅವಳು ಗೋಡೆಗೊರಗಿ ಕುಳಿತಳು.

"ಮೊದಲ ಅಲ್ಲಿ ಮೀನ ಹಿಡಿಯೋರ ನಾಕ ಗುಡಿಸಲಾ ಇದ್ದುವಂತ್ರಿ. ಆಮ್ಯಾಲ ರೈಲು ಬಂತು, ಪ್ಯಾಟಿ ಸಾವ್ಕಾರರು ಗಾಳಿ ತಗೊಳ್ಳಾಕ ಬಂದು ಬಂಗ್ಲೆ ಕಟ್ಟಿದ್ರು. ಸಮುದ್ರದಾಗ ಉದ್ದಕ ಕಟ್ಟಿಗಿ ಸೇತುವಿ ಹಾಕಿದ್ರು, ಒಂದು ಬಿರುಗಾಳಿಗೆ ಅರ್ಧ ಮುರಕೊಂಡು ಹೋತು. ಉಳಿದದ್ದರ ಮ್ಯಾಲ ಮುದುಕರು ಗಾಳ ಹಾಕ್ಕೊಂಡು ಕುಂಡ್ರತಾರ. ಕಲ್ಲಬಂಡಿ ಕಡದು ಹೊಂಡ ಮಾಡ್ಯಾರ, ತೆರಿ ಬಂದು ಅದನ್ನ ತುಂಬಸ್ತೈತಿ, ಹುಡುಗ್ರು ಅದರಾಗ ಈಸ್ತಾರ. ರವಿವಾರಕ್ಕೊಮ್ಮಿ ಬ್ಯಾಂಡ ಬಾರಿಸ್ತಾರ. ದವಾಖಾನಿ ಕಿಟಕ್ಯಾಗ ಎಲ್ಲಾ ಕಾಣತಿತ್ತಂತ ಇವರಿಗೆ."

"ಭಾರಿ ಊರು ಬಿಡ್ರಿ" ಅಂದರು ಬೀಗರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾತು ತಾನೇ ಮುಂದೆ ಹೋಯಿತು.

"ಅದ ಮಳಿಗಾಲದಾಗ ಇಲ್ಲಿ ನಮ್ಮ ಹಿತ್ತಲ ಗ್ವಾಡಿ ಬಿತ್ರಿ. ಕೂಸಿನ್ನ ಕಟ್ಕೊಂಡು ಬಾಜೂ ಮನಿ ದುರಗವ್ವನ ದನದ ಕೊಟ್ಟಿಗ್ಯಾಗ ಮಕ್ಕೊಂತಿದ್ದೆ. ಇವರ ಖಬರ ಇರಲಿಲ್ಲ. ಹಡಗ ಮುಳುಗೇತಿ ಅಂದ್ರು ಮಂದಿ. ಕೂಸಿಗೆ ಜ್ವರ ಬಂತು. ನವಣಿ ಕೊಯ್ಯೋ ಹೊತ್ತಿಗೆ ಹೋತು."

ಅಂದಾನಪ್ಪ ಮೆಲ್ಲಗೆ ಎದ್ದ, ಬೀಗರೂ ಎದ್ದರು.

ಅವರು ಹೋದಮೇಲೆ ಲಾಡಸಾಬ ಡಾಕ್ಟರ ಮಾತು ಮೀರಿದ. ದನಿ ಒಡೆದಿತ್ತು. "ಕೂಸು ಹೋತು ಅಂತಷ್ಟ ಗೊತ್ತಿತ್ತು. ಕೊಟ್ಟಿಗ್ಯಾಗ ಮಲಗಿದ್ದು ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

"ಈಗ ಕೇಳಾಕತ್ತೇನಿ. ಹೇಳು."

"ನಾಳಿ ಹೇಳ್ತೀನ್ರಿ. ಈಗ ಸಾಕಾಗೈತಿ" ಅಂದು ಅಮೀನಬಿ ನೆಲದ ಮೇಲೆ ಸೆರಗು ಹಾಸಿ ಅಡ್ಡಾದಳು.

ಮರುದಿನ ಹೇಳಿದಳು, ಹೊಲಿಗೆ ಹಾಕುತ್ತಲೇ, ತುಸು ತುಸು. ಮುಗಿಯಲು ವಾರಗಳೇ ಹಿಡಿದವು. ಗಂಟಲು ವಾಸಿಯಾದ ಮೇಲೂ ಲಾಡಸಾಬ ನಡುವೆ ಬಾಯಿ ಹಾಕಲಿಲ್ಲ.